ಮಾವಿನ ಕೋಣೆಯ ಪ್ರಯಾಣಿಕ

"ಅಂದ್ರ, ಸತ್ತಂಗೇನ್ರಿ?" ಎಂದು ಕೇಳಿದಳು ಹುಸೇನಬಿ.

ಫೋನಿನ ತೆರೆಯ ಮೇಲೆ ಡಾಕ್ಟರು ಇದ್ದರು. ಹುಬ್ಬಳ್ಳಿಯ ಹೃದಯದ ಆಸ್ಪತ್ರೆಯ ಡಾ. ಪ್ರಮೋದಿನಿ ಸವಡಿ ಅವರು. ಈ ಪ್ರಶ್ನೆಯನ್ನು ಅವರಿಗೆ ಬಹಳ ಮಂದಿ ಕೇಳಿದ್ದರು.

"ಅಲ್ಲವಾ. ಒಲಿ ಆರಿಸೋದಲ್ಲ ಇದು, ಉರಿ ಸಣ್ಣ ಮಾಡೋದು. ಮೈ ಹನ್ನೆರಡು ಡಿಗ್ರಿಗೆ ತಣ್ಣಗಾಗ್ತದ. ಎದಿ ನಿಮಿಷಕ್ಕ ನಾಕು ಸಲ ಬಡೀತದ. ಎರಡು ನಿಮಿಷಕ್ಕೊಮ್ಮೆ ಉಸಿರು. ಹಸಿವಿಲ್ಲ, ನೋವಿಲ್ಲ. ನಮ್ಮಲ್ಲಿಗೆ ಬಂದಮ್ಯಾಲೆ ಮೆಲ್ಲಗ ಉರಿ ದೊಡ್ಡದು ಮಾಡ್ತೀವಿ."

ಹುಸೇನಬಿ ಮಗಳ ಮುಖ ನೋಡಿದಳು. ಪಂಚಾಯಿತಿ ಗ್ರಂಥಾಲಯ ನೋಡಿಕೊಳ್ಳುವ ನೂರಜಹಾನಳಿಗೆ ಇಪ್ಪತ್ತಾರು ವರ್ಷ. ಈ ಮಂದನಿದ್ರೆಯ ಬಗ್ಗೆ ಸಿಕ್ಕಿದ್ದನ್ನೆಲ್ಲ ಅವಳು ಓದಿ ಮುಗಿಸಿದ್ದಳು. ಓದಿದಷ್ಟೂ ಧೈರ್ಯವೂ ಹೆಚ್ಚಿತ್ತು, ಹೆದರಿಕೆಯೂ ಹೆಚ್ಚಿತ್ತು.

ಅಪ್ಪ ಇಮಾಮಸಾಬ ನದಾಫ ಒಮಾನಿನ ಒಂದು ಬಂದರಿನಲ್ಲಿ ಇಪ್ಪತ್ತೆರಡು ವರ್ಷದಿಂದ ಕ್ರೇನ್ ನಡೆಸುತ್ತಿದ್ದ. ಹದಿನೈದು ದಿನದ ಹಿಂದೆ ಬೆನ್ನು ಸೀಳಿದಂಥ ನೋವು ಬಂದು ಕ್ರೇನಿನ ಗೂಡಿನಲ್ಲೇ ಕುಸಿದಿದ್ದ. ಎದೆಯಿಂದ ಹೊರಡುವ ದೊಡ್ಡ ರಕ್ತನಾಳ ಊದಿಕೊಂಡು, ಅದರ ಗೋಡೆ ತೆಳ್ಳಗಾಗಿದೆ ಎಂದರು ಅಲ್ಲಿಯ ವೈದ್ಯರು. ಅದನ್ನು ಸರಿಪಡಿಸುವ ಹೊಸ ಶಸ್ತ್ರಚಿಕಿತ್ಸೆ ಗೊತ್ತಿದ್ದವರು ಡಾ. ಸವಡಿ ಮತ್ತು ಅವರ ಸಂಗಡಿಗರು. ಆದರೆ ವಿಮಾನದಲ್ಲಿ ಕೂತು ಬಂದರೆ, ಮೇಲೇರುವಾಗಲೋ ಇಳಿಯುವಾಗಲೋ ನಾಳ ಒಡೆದುಬಿಡಬಹುದು. ಮಂದನಿದ್ರೆಯಲ್ಲಿ ರಕ್ತದ ಒತ್ತಡ ಇಲ್ಲವೇ ಇಲ್ಲ ಎನ್ನುವಷ್ಟು ಇಳಿದಿರುತ್ತದೆ. ಹಾಗೆ ಮಲಗಿಸಿ ತರಬಹುದು.

"ನಿಮ್ಮಪ್ಪ ಏನಂದ್ರು?" ಎಂದಳು ಹುಸೇನಬಿ.

"ಮನಿಗೆ ಹೋಗೂ ದಾರಿ ಅದೊಂದ ಇದ್ರ ಹಂಗ ಆಗಲಿ ಅಂದನವ್ವಾ."

"ಹಂಗಾದ್ರ ಕರಸು."

* * *

ಹಾಲಗುಂಡಿ ಅಂತರರಾಷ್ಟ್ರೀಯ ವಿಮಾನ ನಿಲ್ದಾಣಕ್ಕೆ ಹೆಸರೇ ದೊಡ್ಡದು. ಒಂದೇ ಉದ್ದನೆಯ ತಗಡಿನ ಮಾಡು. ಅದರಡಿ ಅರ್ಧ ಜನರಿಗೆ, ಅರ್ಧ ಸರಕಿಗೆ. ನಡುವೆ ಗೋಡೆ, ಗೋಡೆಯಲ್ಲಿ ಮೊಹರು ಹಾಕಿದ ಒಂದು ಕಬ್ಬಿಣದ ಬಾಗಿಲು. ಒಳನಾಡಿನ ನಾಲ್ಕಾರು ವಿಮಾನ ಬಿಟ್ಟರೆ ವಾರಕ್ಕೆರಡು ಸಲ ಮಸ್ಕತ್ತಿನ ವಿಮಾನ, ಒಂದು ಸಲ ಆಫ್ರಿಕಾದ ದಾರ್ ಎಸ್ ಸಲಾಮಿನದು. ಜನರ ಕಡೆ ಇನ್ನೂರು ಕುರ್ಚಿಯ ತಂಪು ಹಾಲ್. ಸರಕಿನ ಕಡೆ ಮೂರು ಶೀತಕೋಣೆ.

ಆ ಮೂರು ಕೋಣೆಗಳ ಮೇಲ್ವಿಚಾರಕಿ ನೀಲಾಂಬಿಕಾ ಹೂಗಾರ. ಪಾಲಿಟೆಕ್ನಿಕ್ಕಿನಲ್ಲಿ ಶೀತಯಂತ್ರದ ವಿಷಯ ತೆಗೆದುಕೊಂಡಾಗ ಆ ತರಗತಿಗೆಲ್ಲ ಅವಳೊಬ್ಬಳೇ ಹುಡುಗಿ. ಈಗ ನಲವತ್ತೇಳು ವರ್ಷ. ಎರಡು ಡಿಗ್ರಿಯ ಮೊದಲ ಎರಡು ಕೋಣೆಗಳಲ್ಲಿ ಹೂವು, ಅಂಜೂರ. ಮೂರನೆಯದು ಹನ್ನೆರಡು ಡಿಗ್ರಿಯದು. ಮಾವಿನಕಾಯಿಗೆ ಅದಕ್ಕಿಂತ ತಂಪು ಆಗದು, ಸಿಪ್ಪೆ ಕಪ್ಪಾಗುತ್ತದೆ.

ಮಂದನಿದ್ರೆಯಲ್ಲಿರುವವರಿಗೆ ಸೀಟು ಇರುವುದಿಲ್ಲ, ಪೆಟ್ಟಿಗೆ ಇರುತ್ತದೆ. ಪೆಟ್ಟಿಗೆ ಹೋಗುವುದು ವಿಮಾನದ ಹೊಟ್ಟೆಯಲ್ಲಿ. ಹಾಗಾಗಿ ಕಾನೂನಿನ ಕಣ್ಣಿಗೆ ಅವರು ಸರಕು. ಕಳೆದ ಮೂರು ವರ್ಷದಲ್ಲಿ ಅಂಥ ಆರು ಮಂದಿ ನೀಲಾಂಬಿಕಾಳ ಕೈದಾಟಿ ಆಸ್ಪತ್ರೆ ಸೇರಿದ್ದರು. ಪೆಟ್ಟಿಗೆ ಇಳಿಯುವುದು, ಆಸ್ಪತ್ರೆಯ ವಾಹನ ಬರುವುದು, ಒಯ್ಯುವುದು. ಎಲ್ಲ ಅರ್ಧ ತಾಸಿನ ಕೆಲಸ.

ಮೇ ತಿಂಗಳ ಆ ಬುಧವಾರ ಬೆಳಿಗ್ಗೆ ಒಂಬತ್ತಕ್ಕೆ ಮಸ್ಕತ್ತಿನ ವಿಮಾನ ಇಳಿಯಿತು. ನೂರಜಹಾನ ಪ್ರಯಾಣಿಕರು ಹೊರಬರುವ ಬಾಗಿಲಲ್ಲಿ ನಿಂತಿದ್ದಳು. ಅವ್ವ ಹುಬ್ಬಳ್ಳಿಯಲ್ಲಿ ಕಾಯುತ್ತಿದ್ದಳು. ಜನರೆಲ್ಲ ಹೊರಬಂದು, ಸೂಟ್‌ಕೇಸು ಎಳೆದುಕೊಂಡು, ತಮ್ಮವರನ್ನು ತಬ್ಬಿಕೊಂಡು ಹೋದ ಮೇಲೂ ಅವಳು ನಿಂತೇ ಇದ್ದಳು. ಕಾವಲಿನವನು ಅವಳ ಕೈಯಲ್ಲಿದ್ದ ಚೀಟಿ ನೋಡಿ, "ಇದು ಈ ಕಡೆ ಅಲ್ರಿ ತಂಗಿ. ಸಾಮಾನಿನ ಕಡೆ ಹೋಗ್ರಿ" ಎಂದ.

"ನಮ್ಮಪ್ಪ ಸಾಮಾನಲ್ರಿ," ಎಂದಳು ನೂರಜಹಾನ. ಆಮೇಲೆ ಸುಡುವ ಬಿಸಿಲಿನಲ್ಲಿ ಕಟ್ಟಡವನ್ನು ಸುತ್ತಿ ಸರಕಿನ ಬಾಗಿಲಿಗೆ ಬಂದಳು.

ಅಲ್ಲಿ ಅವಳನ್ನು ಕೂರಿಸಲು ಕುರ್ಚಿಯೂ ಇರಲಿಲ್ಲ. ನೀಲಾಂಬಿಕಾ ತನ್ನ ಕುರ್ಚಿಯನ್ನೇ ಎಳೆದು ಕೊಟ್ಟಳು.

"ಕೂಡ್ರಿ. ನಿಮ್ಮಪ್ಪಾರು ಆರಾಮ ಬಂದಾರ. ಗಾಡಿ ಒಂದು ಸ್ವಲ್ಪ ತಡ ಆಗ್ತದಂತ."

ತಡವಾದದ್ದು ಸ್ವಲ್ಪವಲ್ಲ. ಹುಬ್ಬಳ್ಳಿ ರಸ್ತೆಯ ರೈಲ್ವೆ ಮೇಲ್ಸೇತುವೆಯ ಮೇಲೆ ಗ್ರಾನೈಟ್ ಬಂಡೆ ಹೊತ್ತ ಲಾರಿ ಅಡ್ಡಬಿದ್ದಿತ್ತು. ಆಸ್ಪತ್ರೆಯ ವಾಹನ ಅದರ ಹಿಂದೆ, ಮುಂದಕ್ಕೂ ಹೋಗದೆ ಹಿಂದಕ್ಕೂ ಬರಲಾಗದೆ ಸಿಕ್ಕಿಕೊಂಡಿತ್ತು. ಬಂಡೆ ಎತ್ತುವ ಕ್ರೇನ್ ಗದಗಿನಿಂದ ಬರಬೇಕು. ಸಂಜೆಯಾದೀತು ಎಂದರು.

ಪೆಟ್ಟಿಗೆಗೆ ಹದಿನಾಲ್ಕು ತಾಸಿನ ಬ್ಯಾಟರಿ ಇತ್ತು. ಸಂಜೆಯವರೆಗೆ ಕಾಯಲು ಅಡ್ಡಿಯಿರಲಿಲ್ಲ. ಆದರೆ ಹತ್ತೂ ಹತ್ತಕ್ಕೆ ಪೆಟ್ಟಿಗೆಯ ತಲೆಭಾಗದಿಂದ ಕೇಳುತ್ತಿದ್ದ ಸಣ್ಣ ಗುಂಯ್ ಸದ್ದು ನಿಂತಿತು. ಸದ್ದು ನಿಂತದ್ದು ಮೊದಲು ತಿಳಿದದ್ದು ನೀಲಾಂಬಿಕಾಳಿಗೆ. ಇಪ್ಪತ್ತೈದು ವರ್ಷ ಶೀತಯಂತ್ರಗಳ ನಡುವೆ ಬದುಕಿದವಳ ಕಿವಿ ಅದು. ಹೋಗಿ ನೋಡಿದಳು. ಬ್ಯಾಟರಿ ಸರಿಯಿದೆ, ತಂಪು ಮಾಡುವ ಯಂತ್ರ ಸತ್ತಿದೆ. ಗಾಜಿನ ಕೆಳಗಿನ ಅಂಕಿ 12.0 ಇದ್ದದ್ದು 12.1 ಆಯಿತು.

ಡಾ. ಸವಡಿ ಫೋನಿನಲ್ಲಿ ಹೇಳಿದ್ದನ್ನು ಅವಳು ಜನ್ಮಪೂರ್ತಿ ಮರೆಯುವಂತಿಲ್ಲ.

"ನೀಲಾಂಬಿಕಾ, ಹದಿನೈದು ದಾಟಬಾರದು. ದಾಟಿದ್ರ ಹೃದಯ ತಾನ ಎಚ್ಚರಾಗಿ ಜೋರು ಬಡಿಯಾಕ ಸುರು ಮಾಡ್ತದ. ಆ ನಾಳ ತಡಿಯೂದಿಲ್ಲ."

"ಬರಫ ಇಡ್ಲೇನ್ರಿ?"

"ಬ್ಯಾಡ. ಬರಫ ಮುಟ್ಟಿದ ಕಡೆ ಕೊರೀತದ, ಉಳಿದ ಕಡೆ ಕಾಯ್ತದ. ಒಂಬತ್ತಕ್ಕ ಇಳಿದ್ರ ಹೃದಯ ನಿಂತ ಹೋಗ್ತದ. ಸುತ್ತಲೂ ಒಂದ ಸಮ ಹನ್ನೆರಡು ಬೇಕು. ಹೊರಗಿನ ಕವಚ ತಗದು ಅಂಥ ಗಾಳಿಯೊಳಗ ಇಡಬೇಕು. ಮತ್ತ ಆ ಗಾಳಿ ಶುದ್ಧ ಇರಬೇಕು, ಅವರು ಅದನ್ನ ಉಸಿರಾಡ್ತಾರ."

ಒಂದು ಡಿಗ್ರಿ ಏರಲು ಹನ್ನೆರಡು ನಿಮಿಷ ಹಿಡಿಯುತ್ತಿತ್ತು. ಅಂದರೆ ಕೈಯಲ್ಲಿದ್ದದ್ದು ಅರ್ಧ ತಾಸಿಗಿಂತ ಸ್ವಲ್ಪ ಹೆಚ್ಚು.

ಹನ್ನೆರಡು ಡಿಗ್ರಿಯ ಜಾಗ ಸುತ್ತಲ ಐವತ್ತು ಮೈಲಿಗೆ ಒಂದೇ, ಮೂರನೆಯ ಕೋಣೆ. ಅದರಲ್ಲಿ ನೆಲದಿಂದ ಸೂರಿನವರೆಗೆ ಆರುನೂರ ನಲವತ್ತು ಕ್ರೇಟು ಕೇಸರ್ ಮಾವು. ಮಾವಿನಕಾಯಿಯೂ ಉಸಿರಾಡುತ್ತದೆ. ಗಾಳಿ ಕೆಡಿಸುತ್ತದೆ, ಕಾವು ಬಿಡುತ್ತದೆ. ತುಂಬಿದ ಮಾವಿನ ಕೋಣೆಯಲ್ಲಿ ಒಂದು ತಾಸು ನಿಂತರೆ ಆರೋಗ್ಯವಂತರಿಗೇ ತಲೆ ಸುತ್ತುತ್ತದೆ. ಅರ್ಧ ತೆಗೆದರೆ ಸಾಲದು, ಒಂದು ಕಾಯಿ ಉಳಿಯದಂತೆ ತೆಗೆಯಬೇಕು. ಅವನ್ನು ತಂದ ಶೀತಲಾರಿಗಳು ಇಳಿಸಿ ಆಗಲೇ ಹೊರಟುಹೋಗಿದ್ದವು.

ಮಾವು ಬೆಳೆಗಾರರ ಸಂಘದ ಅಧ್ಯಕ್ಷ ಯಮನೂರಪ್ಪ ಕಲಾಲಬಂಡಿ ಅಲ್ಲೇ ಇದ್ದ. ತಮ್ಮ ಸಂಘದ ಮಾವು ಮೊದಲ ಸಲ ಸಮುದ್ರ ದಾಟುವುದನ್ನು ಕಣ್ಣಾರೆ ನೋಡಬೇಕೆಂದು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದಿದ್ದ. ಮಧ್ಯಾಹ್ನ ಎರಡಕ್ಕೆ ವಿಮಾನ ಅವನ್ನು ಹೊತ್ತು ಹೊರಡಬೇಕಿತ್ತು. ನೀಲಾಂಬಿಕಾ ಅವನಿಗೆ ಎಲ್ಲವನ್ನೂ ಹೇಳಿದಳು.

"ಹೊರಗ ತಗದ್ರ ಕಾಯಿ ಕೆಡ್ತಾವೇನ್ರಿ?"

"ಕೆಡೂದಿಲ್ಲ, ಹಣ್ಣಾಗಾಕ ಹತ್ತತಾವು. ಆದ್ರ ಎಲ್ಲಾ ಕ್ರೇಟಿನ್ಯಾಗೂ ತಾಪ ಬರಕೊಳ್ಳೋ ಚೀಟಿ ಐತಿ. ಅದು ಕೆಂಪಾಗ್ತದ. ಕೆಂಪಾದ ಮಾಲು ಅವರು ತಗೊಳ್ಳೂದಿಲ್ಲ. ಸುಳ್ಳು ಹೇಳಿ ನಿಮ್ಮನ್ನ ಒಪ್ಪಸೂದಿಲ್ರಿ ನಾ."

ಯಮನೂರಪ್ಪ ಕ್ರೇಟುಗಳ ಕಡೆ ನೋಡಿದ. ಅವನ್ನು ಕೊಳ್ಳುವ ಪರದೇಶದ ವ್ಯಾಪಾರಿಯನ್ನು ಒಪ್ಪಿಸಲು ನಾಲ್ಕು ವರ್ಷ ಹಿಡಿದಿತ್ತು. ಸಂಘದ ಮೂವತ್ತೊಂದು ಮನೆಯವರು ಗಿಡದ ಮೇಲಿದ್ದಾಗಲೇ ಒಂದೊಂದು ಕಾಯಿಗೂ ಕಾಗದದ ಚೀಲ ಕಟ್ಟಿ ಬೆಳೆಸಿದ್ದರು. ಆಮೇಲೆ ಅವನ ಕಣ್ಣು ಕುರ್ಚಿಯ ಮೇಲೆ ಬಿಳುಪೇರಿ ಕೂತಿದ್ದ ಹುಡುಗಿಯ ಮೇಲೆ ಬಿತ್ತು.

"ಆಕಿ ಯಾರು?"

"ಅವರ ಮಗಳು."

ಯಮನೂರಪ್ಪ ಅಂಗಿಯ ತೋಳು ಮಡಚಿದ. "ಎಲ್ಲಿ ಇಡಬೇಕು ಹೇಳ್ರಿ. ಬಾಕಿ ಮಂದಿಗೆ ನಾ ಹೇಳ್ತೀನಿ."

ಎಲ್ಲಿ ಇಡುವುದು? ಹೊರಗೆ ನಲವತ್ತೊಂದು ಡಿಗ್ರಿ ಬಿಸಿಲು. ಆಗ ನಿಲ್ದಾಣದ ನಿರ್ದೇಶಕ ಶ್ರೀನಿವಾಸ ಗಲಗಲಿಯವರು ಬಂದರು. ಎಂದೂ ದನಿ ಎತ್ತಿ ಮಾತಾಡದ, ನಿಯಮ ಮೀರದ ಮನುಷ್ಯ. ಗೋಡೆಯ ಆಚೆ ತಂಪು ಹಾಲ್ ಇತ್ತು. ಆದರೆ ಸರಕಿನ ಕಡೆಯಿಂದ ಜನರ ಕಡೆಗೆ ಒಂದು ಸೂಜಿಯೂ ಹೋಗುವಂತಿರಲಿಲ್ಲ.

"ಮಾವು ತಪಾಸಣೆ ಆಗೇದಲ್ಲ?" ಎಂದು ಕೇಳಿದರು.

"ಒಂದೊಂದು ಕ್ರೇಟೂ ಆಗೇದ್ರಿ ಸರ್."

"ಆಚೆ ಕೂತ ಮಂದೀದೂ ಆಗೇದ. ತಪಾಸಣೆ ಆದದ್ದು ತಪಾಸಣೆ ಆದ ಜಾಗಕ್ಕೆ ಹೋಗಲಿಕ್ಕೆ ಹತ್ತೇದ." ಗಲಗಲಿಯವರು ಕಬ್ಬಿಣದ ಬಾಗಿಲಿನ ಮೊಹರನ್ನು ತಾವೇ ಕಿತ್ತರು. "ಇದು ನನ್ನ ಮ್ಯಾಲೆ ಇರಲಿ. ಸುರು ಮಾಡ್ರಿ."

ಅಂಕಿ 12.9 ಆಗಿತ್ತು.

ಹಮಾಲರು ಹನ್ನೆರಡು ಮಂದಿ. ಒಂದೊಂದು ಕ್ರೇಟು ಹೊತ್ತು ಓಡಿದರೆ ಮುಗಿಯುವ ಮಾತಲ್ಲ. ಹಾಲ್‌ನಲ್ಲಿ ಹೈದರಾಬಾದಿಗೆ ಹೊರಟವರು ನೂರಕ್ಕೂ ಹೆಚ್ಚು ಜನ ಕೂತಿದ್ದರು. ಧ್ವನಿವರ್ಧಕದಲ್ಲಿ ಗಲಗಲಿಯವರೇ ಮಾತಾಡಿದರು. "ಗೋಡೆಯ ಆಚೆ ಒಬ್ಬ ಪ್ರಯಾಣಿಕರು ಇದ್ದಾರೆ. ಅವರ ಜೀವ ಉಳಿಯಬೇಕಾದರೆ ಇನ್ನು ಇಪ್ಪತ್ತು ನಿಮಿಷದಲ್ಲಿ ಒಂದು ಕೋಣೆ ಖಾಲಿಯಾಗಬೇಕು. ಕೈ ಕೊಡುವವರು ಬನ್ನಿ."

ಮೊದಲು ಎದ್ದವಳು ತಬಲಾದ ಚೀಲ ಹಿಡಿದಿದ್ದ ಒಬ್ಬ ಮುದುಕಿ. ಆಮೇಲೆ ಯಾರು ಎದ್ದರು, ಯಾರು ಬಿಟ್ಟರು ಎಂದು ಯಾರೂ ನೋಡಲಿಲ್ಲ. ಶೀತಕೋಣೆಯಿಂದ ಹಾಲ್‌ನ ತುದಿಯವರೆಗೆ ಎರಡು ಸಾಲು ನಿಂತವು. ಕ್ರೇಟು ಕೈಯಿಂದ ಕೈಗೆ ಹರಿಯತೊಡಗಿತು. ಹಮಾಲ, ಗಗನಸಖಿ, ಚಹಾ ಅಂಗಡಿಯವಳು, ಕಸ್ಟಮ್ಸ್ ಸಾಹೇಬ, ಮದುವೆಗೆ ಹೊರಟ ಒಂದು ಇಡೀ ಕುಟುಂಬ. ನೀಲಾಂಬಿಕಾ ಕೂತಿರೆಂದು ಎಷ್ಟು ಹೇಳಿದರೂ ಕೇಳದೆ ನೂರಜಹಾನ ಸಾಲಿನಲ್ಲಿ ಸೇರಿಕೊಂಡಳು. ಅವಳ ಪಕ್ಕದಲ್ಲಿ ನಿಂತಿದ್ದ ಯಮನೂರಪ್ಪ, "ಹೆದರಬ್ಯಾಡವಾ, ನಾ ಹಿಡ್ಕೊಂಡೇನಿ" ಎನ್ನುತ್ತ ಪ್ರತಿ ಕ್ರೇಟಿಗೂ ಅವಳ ಭಾರವನ್ನು ಅರ್ಧ ತಾನೇ ತೆಗೆದುಕೊಳ್ಳುತ್ತಿದ್ದ.

ಕೊನೆಯ ಕ್ರೇಟು ಹೊರಬಿದ್ದಾಗ 14.4. ಕೋಣೆಯ ಗಾಳಿಯನ್ನು ಫ್ಯಾನಿನಿಂದ ಹೊರಗೆ ನೂಕಿ, ಹೊಸ ಗಾಳಿ ಎಳೆದುಕೊಂಡು ತಂಪು ಮಾಡುವಷ್ಟರಲ್ಲಿ 14.6. ಪೆಟ್ಟಿಗೆ ಒಳಗೆ ಬಂತು. ಡಾ. ಸವಡಿ ಫೋನಿನಲ್ಲಿ ಹೇಳಿದ ಹಾಗೆ ಎಂಟು ತಿರುಪು ಬಿಚ್ಚಿ ಹೊರಕವಚ ತೆಗೆದರು. ಅಂಕಿ 14.7ಕ್ಕೆ ನಿಂತಿತು. ಬಹಳ ಹೊತ್ತು ಅಲ್ಲೇ ಇತ್ತು. ಆಮೇಲೆ 14.6.

ನೀಲಾಂಬಿಕಾ ಗೋಡೆಗೆ ಒರಗಿ ಉಸಿರು ಬಿಟ್ಟಳು.

* * *

ಆದರೆ ಬರಿದಾದ ಕೋಣೆ ಹಟಮಾರಿ. ಕ್ರೇಟು ತುಂಬಿದ್ದಾಗ ಆ ರಾಶಿಯೇ ತಂಪನ್ನು ಹಿಡಿದಿಟ್ಟುಕೊಳ್ಳುತ್ತಿತ್ತು. ಈಗ ಯಂತ್ರ ಓಡಿದರೆ ಹತ್ತಕ್ಕಿಳಿಯುತ್ತದೆ, ನಿಂತರೆ ಹದಿನಾಲ್ಕಕ್ಕೆ ಹಾರುತ್ತದೆ. ಸಂಜೆಯವರೆಗೆ ಹೀಗೇ ಜೋಲಿ ಹೊಡೆದರೆ ಒಳಗಿರುವವನ ಗತಿ ಏನು?

ಅವಳ ಕಣ್ಣಿಗೆ ಮೊದಲನೆಯ ಕೋಣೆಯ ಹೂವಿನ ಬಕೆಟ್ಟುಗಳು ಬಿದ್ದವು. ಎರಡು ಡಿಗ್ರಿಯ ನೀರು. ಹೊರಗಿನ ನಲ್ಲಿಯ ನೀರು ಮೂವತ್ತೆರಡು. ಎರಡು ಪಾಲು ಇದು, ಒಂದು ಪಾಲು ಅದು ಬೆರೆಸಿದರೆ ಸರಿಯಾಗಿ ಹನ್ನೆರಡು. ನಲವತ್ತು ಬಕೆಟ್ಟು ಬೆರೆಸಿ ಪೆಟ್ಟಿಗೆಯ ಸುತ್ತ ಇಡಿಸಿದಳು. ಅಷ್ಟು ನೀರು ಸುತ್ತುವರಿದ ಮೇಲೆ ಕೋಣೆಯ ಜೋಲಿ ಮೆಲ್ಲಗೆ ನಿಂತಿತು. ಯಂತ್ರದ ಕವಾಟಕ್ಕೆ ತಾನೇ ಕೈಕೊಟ್ಟು, ಕಣ್ಣು ಅಂಕಿಯ ಮೇಲಿಟ್ಟು ಕೂತಳು. ಕಾಲು ಡಿಗ್ರಿ ಆಚೆ ಹೋಗಲು ಬಿಡಲಿಲ್ಲ.

ನೂರಜಹಾನಳನ್ನು ಒಳಗೆ ಕರೆದದ್ದೂ ಅವಳೇ. ಎರಡು ವರ್ಷದ ಮೇಲೆ ಅಪ್ಪನ ಮುಖ. ಗಾಜಿನ ಕೆಳಗೆ ತಿಳಿ ಬೂದಿ ಬಣ್ಣ, ಗಡ್ಡದಲ್ಲಿ ಬಿಳಿ ಹೆಚ್ಚಾಗಿದೆ. ಅವಳು ನೋಡಿದಳು, ಕಾದಳು, ಎದೆ ಏರಲಿಲ್ಲ.

"ಅಕ್ಕಾರ, ಉಸಿರಿಲ್ರಿ..."

"ತಡೀರಿ. ನಮ್ಮ ಲೆಕ್ಕ ಬ್ಯಾರೆ, ಅವರ ಲೆಕ್ಕ ಬ್ಯಾರೆ."

ಗಾಜಿನ ಮೇಲೆ ಹಬೆಯ ಒಂದು ಸಣ್ಣ ವರ್ತುಲ ಮೂಡಿ ಅಳಿಸಿಹೋಯಿತು. ನೂರಜಹಾನ ಬಾಯಿಗೆ ದುಪಟ್ಟಾ ಒತ್ತಿಕೊಂಡಳು. ನೀಲಾಂಬಿಕಾ ತನ್ನ ಉಣ್ಣೆಯ ಕೋಟು ಬಿಚ್ಚಿ ಅವಳಿಗೆ ಹೊದಿಸಿ, ತಾನು ಸೆರಗನ್ನು ಬಿಗಿಯಾಗಿ ಸುತ್ತಿಕೊಂಡಳು. ಹೊತ್ತು ಕಳೆಯಲು ಇಬ್ಬರೂ ಮಾತಾಡಿದರು. ಗ್ರಂಥಾಲಯಕ್ಕೆ ಯಾರ್ಯಾರು ಬರುತ್ತಾರೆ, ನೀಲಾಂಬಿಕಾಳ ತವರಿನಲ್ಲಿ ಸೇವಂತಿಗೆ ಹೇಗೆ ಕಟ್ಟುತ್ತಿದ್ದರು, ಅಂಥವೇ. ನಡುನಡುವೆ ಇಬ್ಬರೂ ಗಾಜಿನ ಕಡೆ ತಿರುಗಿ ಆ ಹಬೆಗೆ ಕಾಯುತ್ತಿದ್ದರು.

ಐದೂವರೆಗೆ ಆಸ್ಪತ್ರೆಯ ವಾಹನ ಬಂತು.

ಮನೆಗೆ ಹೋದಾಗ ನೀಲಾಂಬಿಕಾಳಿಗೆ ರೊಟ್ಟಿ ಮುರಿಯಲಾಗಲಿಲ್ಲ, ಬೆರಳು ಅಷ್ಟು ಮರಗಟ್ಟಿದ್ದವು. ಗಂಡ ಗುರುಸಿದ್ಧಪ್ಪ ಬಿಸಿನೀರಿನ ಬೋಗುಣಿ ತಂದು ಅವಳ ಕೈ ಅದರಲ್ಲಿ ಅದ್ದಿ ಹಿಡಿದುಕೊಂಡ.

"ಉಳೀತಾರೇನು ಅವರು?"

"ಗೊತ್ತಿಲ್ರಿ. ನನ್ನ ಕಡೆ ಇರೂತನಕ ಹನ್ನೆರಡರಾಗ ಇದ್ರು," ಎಂದಳು. ಆಗ ಮೊದಲ ಸಲ ಅಳು ಬಂತು.

ಮರುದಿನ ಮಧ್ಯಾಹ್ನ ನೂರಜಹಾನಳ ಫೋನು ಬಂತು. ಮಗಳು ಬಾಯಿ ತೆರೆಯುವ ಮೊದಲೇ ಫೋನು ಕಸಿದುಕೊಂಡ ಹುಸೇನಬಿ, "ಆಪ್ರೇಶನ್ ಆತ್ರಿ ಯವ್ವಾ, ಕಣ್ಣು ಬಿಟ್ಟಾರ, ನೀರು ಕೇಳ್ಯಾರ" ಎಂದಳು.

* * *

ಮಾವಿನ ಆ ಮೊದಲ ಸರಕು ಸಮುದ್ರ ದಾಟಲಿಲ್ಲ. ಚೀಟಿಗಳೆಲ್ಲ ಕೆಂಪಾಗಿದ್ದವು. ಸಂಘದವರು ಅರ್ಧ ಕಾಯಿ ಕೊಪ್ಪಳದ ಮಾರುಕಟ್ಟೆಗೆ ಕಳಿಸಿ, ಉಳಿದದ್ದನ್ನು ಸಾಲಿನಲ್ಲಿ ನಿಂತವರಿಗೆಲ್ಲ ಹಂಚಿಬಿಟ್ಟರು. ಎರಡನೆಯ ವಾರದ ಸರಕು ಹೋಯಿತು. ಮೊಹರು ಕಿತ್ತದ್ದಕ್ಕೆ ಗಲಗಲಿಯವರಿಗೆ ಮೇಲಿನಿಂದ ವಿವರಣೆ ಕೇಳಿ ಪತ್ರ ಬಂತು. ಅವರು ಮೂರು ಸಾಲಿನ ಉತ್ತರ ಬರೆದರು. ಅದಕ್ಕೆ ಯಾರೂ ಮತ್ತೆ ಏನೂ ಕೇಳಲಿಲ್ಲ. ಆದರೆ ಆಮೇಲೆ ಒಂದು ಸುತ್ತೋಲೆ ಬಂತು: ಮಂದನಿದ್ರೆಯವರು ಬರುವ ದಿನ ಒಂದು ಶೀತಕೋಣೆ ಖಾಲಿ ಇರಬೇಕು, ಮನೆಯವರಿಗೆ ಅಲ್ಲಿ ಕೂರಲು ಜಾಗ ಇರಬೇಕು.

ಮೂರು ತಿಂಗಳ ಮೇಲೆ, ಆಗಸ್ಟಿನಲ್ಲಿ, ಇಮಾಮಸಾಬ ಮಗಳ ಜೊತೆ ಬಸ್ಸಿಳಿದು ಹಾಲಗುಂಡಿ ನಿಲ್ದಾಣಕ್ಕೆ ಬಂದ. ಸಣಕಲು ದೇಹ, ಮೆಲ್ಲಗಿನ ನಡಿಗೆ. ಮೊದಲು ಮೂರನೆಯ ಕೋಣೆ ನೋಡಿದ. ಆಮೇಲೆ ನೀಲಾಂಬಿಕಾಳಿಗೆ ಕೈಮುಗಿದು, "ನಿಮ್ಮ ಮುಖ ನಾ ಇವತ್ತ ನೋಡಾಕತ್ತೀನ್ರಿ" ಎಂದ. ಅವಳು ಅವನನ್ನು ಕೂರಿಸಿ ಚಹಾ ತರಿಸಿದಳು.

ಹಮಾಲರನ್ನು ಒಬ್ಬೊಬ್ಬರನ್ನಾಗಿ ಕಂಡು ಹೆಸರು ಕೇಳಿದ. ಯಮನೂರಪ್ಪನೂ ಬಂದಿದ್ದ.

"ನಿಮ್ಮ ಋಣ ಹೆಂಗ ತೀರಸ್ಲಿ?" ಎಂದ ಇಮಾಮಸಾಬ.

"ಅದೆಲ್ಲ ಬ್ಯಾಡ್ರಿ. ಮುಂದಿನ ಬ್ಯಾಸಿಗಿಗೆ ತ್ವಾಟಕ್ಕ ಬರ್ರಿ, ಕುಂತು ತಿನ್ನೂಣು." ಯಮನೂರಪ್ಪನಿಗೆ ಸಂಕೋಚವಾಗಿತ್ತು.

"ಇಪ್ಪತ್ತೆರಡು ವರ್ಷ ಪೆಟಗಿ ಎತ್ತಿಳಿಸೇನ್ರಿ ನಾ," ಎಂದ ಇಮಾಮಸಾಬ, ಚಹಾದ ಲೋಟ ಕೆಳಗಿಟ್ಟು. "ಒಳಗ ಏನೈತಿ ಅಂತ ಒಂದಿನಾನೂ ಕೇಳಿಲ್ಲ. ನೀವು ಕೇಳಿದ್ರಿ."

ಅವನು ಹೊರಡುವ ಹೊತ್ತಿಗೆ ದಾರ್ ಎಸ್ ಸಲಾಮಿನ ವಿಮಾನ ಇಳಿಯಿತು. ಅದರಲ್ಲಿ ಒಂದು ಮಂದನಿದ್ರೆ ಪೆಟ್ಟಿಗೆ ಇತ್ತು. ಅದರಲ್ಲಿ ನೀಮಾ ಎಂಬ ಶಾಲಾ ಶಿಕ್ಷಕಿ. ಜೊತೆಗೆ ಯಾರೂ ಇರಲಿಲ್ಲ. ಮನೆಯವರಿಗೆಂದು ಇಟ್ಟ ಹೊಸ ಕುರ್ಚಿ ಖಾಲಿಯಿತ್ತು.

ಇಮಾಮಸಾಬ ಹೋಗಬೇಕಾದ ಬಸ್ಸು ಬಿಟ್ಟ. ನೀಲಾಂಬಿಕಾಳ ಒಪ್ಪಿಗೆ ಕೇಳಿ ಪೆಟ್ಟಿಗೆಯ ಬಳಿಗೆ ಹೋದ. ಚೀಟಿಯ ಮೇಲಿನ ಹೆಸರು ಓದಿ, ಗಾಜಿನ ಹತ್ತಿರ ಬಾಗಿದ. ಒಮಾನಿನ ಬಂದರಿನಲ್ಲಿ ಆಫ್ರಿಕಾದ ಖಲಾಸಿಗಳಿಂದ ಅವನು ನಾಲ್ಕು ಮಾತು ಸ್ವಾಹಿಲಿ ಕಲಿತಿದ್ದ.

"ಕರಿಬು, ನೀಮಾ," ಎಂದ. ಬಾ ತಾಯಿ, ಸ್ವಾಗತ ಎಂದು ಅದರ ಅರ್ಥ.

"ಆಕಿಗೆ ಕೇಳ್ಸೂದಿಲ್ರಿ," ಎಂದಳು ನೀಲಾಂಬಿಕಾ ಮೆಲ್ಲಗೆ.

"ಗೊತ್ತೈತ್ರಿ ಅಕ್ಕಾರ," ಎಂದ ಇಮಾಮಸಾಬ. ಪೆಟ್ಟಿಗೆ ಹೊತ್ತ ತಳ್ಳುಗಾಡಿ ಹೊರಟಾಗ ಒಂದು ಕೈ ಪೆಟ್ಟಿಗೆಯ ಮೇಲಿಟ್ಟುಕೊಂಡು, ತನಗೆ ಗೊತ್ತಿದ್ದ ಆ ನಾಲ್ಕು ಮಾತನ್ನೇ ಮತ್ತೆ ಮತ್ತೆ ಹೇಳುತ್ತ, ಆಸ್ಪತ್ರೆಯ ವಾಹನದ ಬಾಗಿಲವರೆಗೂ ನೀಮಾಳ ಜೊತೆ ನಡೆದುಹೋದ.